ಬಿಸಿಗೆ ಜಗ್ಗದ, ಆದರೂ ದ್ರಾವಕದಲ್ಲಿ ಕರಗುವ ಪಾಲಿಇಮೈಡ್: ಲ್ಯಾಬ್‌ನಲ್ಲಿ ಮಾಡುವ ಬಗೆ, ಹಂತ ಹಂತವಾಗಿ

ಉಪಗ್ರಹಗಳ ಮೈಮೇಲೆ ಹೊದಿಸಿರುವ ಬಂಗಾರದ ಬಣ್ಣದ ಹಾಳೆಯನ್ನು ಫೋಟೋಗಳಲ್ಲಿ ನೋಡಿರುತ್ತೀರಿ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗುವ ಇಸ್ರೋ ಉಪಗ್ರಹಗಳ ಮೇಲೂ ಅದು ಇರುತ್ತದೆ. ಅದು ಬಂಗಾರ ಅಲ್ಲ. ತೆಳುವಾದ ಪಾಲಿಇಮೈಡ್ (ಇಮೈಡ್ ಉಂಗುರಗಳ ಸರಪಳಿಯಿಂದಾದ ಪಾಲಿಮರ್) ಫಿಲ್ಮ್, ಅದರ ಹಿಂದೆ ಅಲ್ಯೂಮಿನಿಯಂ ಲೇಪ. ಬಂಗಾರದ ಬಣ್ಣ ಪಾಲಿಮರ್‌ನ ಸ್ವಂತ ಬಣ್ಣ.

ಈ ಜಾತಿಯ ಫಿಲ್ಮ್‌ಗಳಲ್ಲಿ ಹೆಸರುವಾಸಿ ಡುಪಾಂಟ್ ಕಂಪನಿ ಹುಟ್ಟುಹಾಕಿದ ಕ್ಯಾಪ್ಟಾನ್. 1960ರ ದಶಕದಿಂದ ಬಳಕೆಯಲ್ಲಿದೆ. ಕಾಯಿಸಿದರೆ ಇದು ಕರಗಿ ನೀರಾಗುವುದಿಲ್ಲ. ಯಾವ ಮಾಮೂಲಿ ದ್ರಾವಕದಲ್ಲೂ ಕರಗುವುದಿಲ್ಲ. ಬಳಸುವವರಿಗೆ ಇದು ವರ. ಮಾಡುವವರಿಗೆ ತಲೆನೋವು. ಕರಗದ ವಸ್ತುವನ್ನು ಲೇಪ ಮಾಡುವುದು ಹೇಗೆ? ಸೋಸಿ ಶುದ್ಧ ಮಾಡುವುದು ಹೇಗೆ? ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ತೆಗೆಯುವುದು ಹೇಗೆ? ಹಾಗಾಗಿಯೇ ಬಿಸಿಯನ್ನೂ ತಡೆಯಬೇಕು, ದ್ರಾವಕದಲ್ಲೂ ಕರಗಬೇಕು ಅನ್ನುವ ಅರೋಮ್ಯಾಟಿಕ್ ಪಾಲಿಮರ್‌ಗಳ ಹುಡುಕಾಟ ಇಷ್ಟು ವರ್ಷ ನಡೆದಿದೆ.

ಈ ಬರಹ ಎಂಎಸ್‌ಸಿ ಪ್ರಾಜೆಕ್ಟ್ ಅಥವಾ ಪಿಎಚ್‌ಡಿಯ ಮೊದಲ ವರ್ಷದಲ್ಲಿ ಇರುವವರಿಗೆ. ಒಂದೇ ಒಂದು ಪಾಲಿಮರ್ ತೆಗೆದುಕೊಂಡು ಕೊನೆಯವರೆಗೂ ಮಾಡೋಣ: 6ಎಫ್‌ಡಿಎ ಎಂಬ ಡೈಅನ್‌ಹೈಡ್ರೈಡ್ ಮತ್ತು ಒಡಿಎ ಎಂಬ ಡೈಅಮೀನ್ ಸೇರಿ ಆಗುವ ಪಾಲಿಇಮೈಡ್. ಹೊಸಬರು ಮೊದಲ ದಿನವೇ ಹೊಸ ಡೈಅಮೀನ್ ತಯಾರಿಸಲು ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಬೇಡ. ಮೊದಲು ಫಲಿತಾಂಶ ಗೊತ್ತಿರುವ ಪಾಲಿಮರ್ ಮಾಡಿ ಕೈ ಕುದುರಿಸಿಕೊಳ್ಳಿ. ಆಗ ಮುಂದೆ ಏನಾದರೂ ಕೆಟ್ಟರೆ ತಪ್ಪು ಮಾನೋಮರ್‌ನದೋ ನಿಮ್ಮ ಕೈಯದೋ ಅಂತ ಗೊತ್ತಾಗುತ್ತದೆ.

ಕರಗುವುದಕ್ಕೂ ಬಿಸಿ ತಡೆಯುವುದಕ್ಕೂ ಜಗಳವಿಲ್ಲ

ಕ್ಯಾಪ್ಟಾನ್ ಆಗುವುದು ಪಿಎಂಡಿಎ ಮತ್ತು ಒಡಿಎ ಸೇರಿ. ಪಿಎಂಡಿಎ ಅಂದರೆ ಒಂದೇ ಬೆಂಜೀನ್ ಉಂಗುರಕ್ಕೆ ಎರಡು ಕಡೆ ಅನ್‌ಹೈಡ್ರೈಡ್. ಇಮೈಡ್ ಆದಮೇಲೆ ಆ ಭಾಗ ಪೂರ್ತಿ ಚಪ್ಪಟೆ. ಚಪ್ಪಟೆ ಭಾಗಗಳು ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ. ಅಮೀನ್ ಕಡೆಯ ಉಂಗುರದಿಂದ ಇಮೈಡ್ ಕಡೆಗೆ ಎಲೆಕ್ಟ್ರಾನ್ ಸೆಳೆತ ಬೇರೆ ಇರುತ್ತದೆ. ಇದನ್ನು ಚಾರ್ಜ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಆ ಬಂಗಾರದ ಬಣ್ಣಕ್ಕೆ ಕಾರಣ ಇದೇ. ದ್ರಾವಕದ ಅಣು ಒಳಗೆ ನುಗ್ಗಲು ಜಾಗ ಸಿಗದೆ ಇರುವುದಕ್ಕೂ ಇದು ಒಂದು ಕಾರಣ.

ನೇರ ಸೌದೆಗಳನ್ನು ಸಂದಿಲ್ಲದಂತೆ ಒಟ್ಟಬಹುದು. ಸೊಟ್ಟ ಕೊಂಬೆಗಳನ್ನು ಒಟ್ಟಿದರೆ ನಡುನಡುವೆ ಜಾಗ ಉಳಿಯುತ್ತದೆ. ಆದರೆ ಕೊಂಬೆಯ ಗಟ್ಟಿತನ ಏನೂ ಕಡಿಮೆಯಾಗಿರುವುದಿಲ್ಲ. ನಾವು ಮಾಡಬೇಕಿರುವುದೂ ಇಷ್ಟೇ. ಸರಪಳಿ ಬಿಗಿಯಾಗಿಯೇ ಇರಲಿ, ಅಕ್ಕಪಕ್ಕದ ಸರಪಳಿಗಳು ಒತ್ತಾಗಿ ಕೂರದಿದ್ದರೆ ಸಾಕು.

ಇದಕ್ಕೆ ಹಲವು ದಾರಿಗಳಿವೆ. ಈಥರ್‌ನಂಥ ಬಾಗುವ ಕೊಂಡಿ ಹಾಕಬಹುದು, ಪ್ಯಾರಾ ಬದಲು ಮೆಟಾ ಜೋಡಣೆ ಮಾಡಬಹುದು, ಪಕ್ಕಕ್ಕೆ ದಪ್ಪ ಗುಂಪು ನೇತುಹಾಕಬಹುದು, ಫ್ಲುಓರೀನ್‌ನಂಥ (fluorene) ಉಂಗುರಗಳ ಹೈಡ್ರೋಕಾರ್ಬನ್ ಸರಪಳಿಗೆ ಅಡ್ಡಲಾಗಿ ಕೂರುವ ಕಾರ್ಡೋ ರಚನೆ ತರಬಹುದು. ಬಾಗುವ ಕೊಂಡಿ ಜಾಸ್ತಿಯಾದರೆ ಗ್ಲಾಸ್ ಟ್ರಾನ್ಸಿಷನ್ ತಾಪಮಾನ (ಪಾಲಿಮರ್ ಮೆತ್ತಗಾಗುವ ತಾಪಮಾನ), ಅಂದರೆ ಟಿಜಿ, ಇಳಿಯುತ್ತದೆ. ಅಲ್ಟೆಮ್ ಹೆಸರಿನ ಪಾಲಿಈಥರ್‌ಇಮೈಡ್ ಇದಕ್ಕೆ ಉದಾಹರಣೆ. ಅಚ್ಚಿಗೆ ಹಾಕಿ ರೂಪ ಕೊಡುವಷ್ಟು ಸಲೀಸು, ಆದರೆ ಟಿಜಿ ಸುಮಾರು 217 ಡಿಗ್ರಿ ಸೆಲ್ಸಿಯಸ್. 6ಎಫ್‌ಡಿಎಯಲ್ಲಿ ಎರಡು ಉಂಗುರಗಳ ನಡುವೆ ಒಂದು ಕಾರ್ಬನ್ ಇದೆ. ಅದಕ್ಕೆ ಎರಡು ಟ್ರೈಫ್ಲೋರೋಮೀಥೈಲ್ ಗುಂಪು. ಇವು ದಪ್ಪ, ಹಾಗಾಗಿ ಸರಪಳಿ ಅಲ್ಲಿ ಸೊಟ್ಟಗಾಗುತ್ತದೆ ಆದರೆ ಸಲೀಸಾಗಿ ತಿರುಗಲಾರದು. ಇದರಿಂದ ಟಿಜಿ ಸುಮಾರು 300 ಡಿಗ್ರಿಯಲ್ಲಿ ನಿಲ್ಲುತ್ತದೆ, ಪಾಲಿಮರ್ ಕರಗುತ್ತದೆ, ಬಣ್ಣವೂ ತಿಳಿಯಾಗುತ್ತದೆ.

ಮೊದಲು ಸುರಕ್ಷತೆ

ಒಡಿಎ ಕ್ಯಾನ್ಸರ್ ತರಬಹುದು ಎಂಬ ಶಂಕೆಯ ಪಟ್ಟಿಯಲ್ಲಿದೆ. ಪುಡಿ ಹಾರದಂತೆ ತೂಗಬೇಕು. ದ್ರಾವಕಗಳಾದ ಡೈಮೀಥೈಲ್ ಅಸಿಟಮೈಡ್, ಎನ್‌ಎಂಪಿ ಎರಡೂ ಚರ್ಮದ ಮೂಲಕ ಒಳಹೋಗುತ್ತವೆ, ಗರ್ಭದ ಮಗುವಿಗೆ ಹಾನಿ ಮಾಡುತ್ತವೆ. ಕೈಗವಸು ಹಾಕಿದ್ದೇನೆ ಅಂತ ಧೈರ್ಯ ಬೇಡ. ತೆಳು ಕೈಗವಸಿನ ಮೇಲೆ ದ್ರಾವಕ ಚೆಲ್ಲಿದರೆ ತಕ್ಷಣ ಬದಲಿಸಿ. ಅಸಿಟಿಕ್ ಅನ್‌ಹೈಡ್ರೈಡ್ ನಮ್ಮ ದೇಶದಲ್ಲಿ ನಿಯಂತ್ರಿತ ರಾಸಾಯನಿಕ. ಖರೀದಿಗೂ ದಾಸ್ತಾನಿಗೂ ಲೆಕ್ಕ ಬೇಕು, ಆದ್ದರಿಂದ ವಿಭಾಗದ ಸ್ಟೋರ್‌ನವರ ಹತ್ತಿರ ಮುಂಚೆಯೇ ಮಾತಾಡಿ. ಎಲ್ಲ ಕೆಲಸವೂ ಫ್ಯೂಮ್ ಹುಡ್ ಒಳಗೆ, ಗೈಡ್ ಗಮನದಲ್ಲೇ ನಡೆಯಬೇಕು.

ಹಂತ 1: ಒಣಗಿಸುವುದು

ಪಾಲಿಮರ್ ಚೆನ್ನಾಗಿ ಬರುವುದೋ ಇಲ್ಲವೋ ಎಂಬುದು ಫ್ಲಾಸ್ಕ್ ಹತ್ತಿರ ಹೋಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಇಲ್ಲಿ ನಿಧಾನ ಮಾಡಿ.

ಡೈಅನ್‌ಹೈಡ್ರೈಡ್ ಗಾಳಿಯ ತೇವವನ್ನು ಹಿಡಿದು ಆಸಿಡ್ ಆಗಿಬಿಡುತ್ತದೆ. ಆಸಿಡ್ ಆದ ತುದಿ ಅಮೀನ್ ಜೊತೆ ಕೋಣೆಯ ತಾಪಮಾನದಲ್ಲಿ ಸೇರುವುದಿಲ್ಲ. ಅಲ್ಲಿಗೆ ಸರಪಳಿ ನಿಂತಿತು. ಒಳ್ಳೆಯ ಸುದ್ದಿ ಏನೆಂದರೆ ಕಾಯಿಸಿದರೆ ನೀರು ಬಿಟ್ಟು ಅದು ಮತ್ತೆ ಅನ್‌ಹೈಡ್ರೈಡ್ ಆಗುತ್ತದೆ. 6ಎಫ್‌ಡಿಎಯನ್ನು ವ್ಯಾಕ್ಯೂಮ್ ಓವನ್‌ನಲ್ಲಿ ಸುಮಾರು 160 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ತೆಗೆದಮೇಲೆ ಡೆಸಿಕೇಟರ್‌ನಲ್ಲಿ ಆರಿಸಿ, ಅಂದೇ ಬಳಸಿ. ಶುದ್ಧವಾಗಿದ್ದರೆ ಇದು 244ರಿಂದ 247 ಡಿಗ್ರಿಯಲ್ಲಿ ಕರಗಬೇಕು. ಕರಗುವ ಬಿಂದು ಕೆಳಗೆ ಜಾರಿದ್ದರೆ ಅಥವಾ ಹರಡಿಕೊಂಡಿದ್ದರೆ ಮತ್ತೆ ಶುದ್ಧ ಮಾಡಿ. ಅದಕ್ಕೆ ವ್ಯಾಕ್ಯೂಮ್‌ನಲ್ಲಿ ಉತ್ಪತನ (ಸಬ್ಲಿಮೇಷನ್) ಮಾಡುವುದು ಒಳ್ಳೆಯ ದಾರಿ.

ಒಡಿಎ ಬಿಳಿ ಅಥವಾ ತೀರಾ ತಿಳಿ ಬಣ್ಣ ಇರಬೇಕು. ಡಬ್ಬಿ ತೆರೆದಾಗ ಕಂದು, ನಸುಗೆಂಪು ಕಂಡರೆ ಗಾಳಿಗೆ ಆಕ್ಸಿಡೈಸ್ ಆಗಿದೆ ಅಂತ ಅರ್ಥ. ಎಥನಾಲ್‌ನಲ್ಲಿ ಮತ್ತೆ ಹರಳುಗಟ್ಟಿಸಿ ಅಥವಾ ಉತ್ಪತನ ಮಾಡಿ. ಬೆಳಕಿನಿಂದ ದೂರ ಇಡಿ.

ಇನ್ನು ದ್ರಾವಕ. ಇದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ನಾವು ಬಳಸುವ ಡೈಮೀಥೈಲ್ ಅಸಿಟಮೈಡ್ ಸುಮಾರು 36.5 ಗ್ರಾಂ. ಅದರಲ್ಲಿ ಬರೀ ಶೇಕಡಾ 0.1 ನೀರಿದೆ ಅಂದುಕೊಳ್ಳಿ. ಅಂದರೆ 36.5 ಮಿಲಿಗ್ರಾಂ ನೀರು, ಸುಮಾರು 2 ಮಿಲಿಮೋಲ್. ನಮ್ಮ ಫ್ಲಾಸ್ಕ್‌ನಲ್ಲಿ ಇರುವ ಅನ್‌ಹೈಡ್ರೈಡ್ ಗುಂಪುಗಳು ಒಟ್ಟು 20 ಮಿಲಿಮೋಲ್. ಹತ್ತರಲ್ಲಿ ಒಂದು ಗುಂಪನ್ನು ಕೊಲ್ಲುವಷ್ಟು ನೀರು! ಅಮೀನ್ ನೀರಿಗಿಂತ ತುಂಬಾ ಬೇಗ ಪ್ರತಿಕ್ರಿಯಿಸುವುದರಿಂದ ಅಷ್ಟೂ ಹಾಳಾಗುವುದಿಲ್ಲ. ಆದರೂ ಇದು ಅದೃಷ್ಟದ ಮೇಲೆ ಬಿಡುವ ಮಾತಲ್ಲ. ದ್ರಾವಕವನ್ನು ಕ್ಯಾಲ್ಸಿಯಂ ಹೈಡ್ರೈಡ್ ಹಾಕಿ ಕಲಕಿ, ಕಡಿಮೆ ಒತ್ತಡದಲ್ಲಿ ಭಟ್ಟಿ ಇಳಿಸಿ, 4 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ ಮೇಲೆ ಇಡಿ. ಸೀವ್ ಕೂಡ ಮೊದಲೇ ಕಾಯಿಸಿ ಒಣಗಿಸಿದ್ದಾಗಿರಬೇಕು. ಮಳೆಗಾಲದಲ್ಲಿ ಮಂಗಳೂರು, ಮಣಿಪಾಲದ ಕಡೆ ಕೆಲಸ ಮಾಡುವವರು ಇದರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು. ಅಲ್ಲಿ ಗಾಳಿಯೇ ಒದ್ದೆ ಅಲ್ವಾ.

ಹಂತ 2: ತೂಕ

10 ಮಿಲಿಮೋಲ್ ಅಳತೆಯಲ್ಲಿ ಮಾಡೋಣ. ಒಡಿಎಯ ಅಣುತೂಕ 200.24, ಅಂದರೆ 2.0024 ಗ್ರಾಂ. 6ಎಫ್‌ಡಿಎಯದು 444.24, ಅಂದರೆ 4.4424 ಗ್ರಾಂ. ನಾಲ್ಕು ದಶಮಾಂಶದ ತಕ್ಕಡಿಯೇ ಬೇಕು.

ಯಾಕಿಷ್ಟು ಬಿಗಿ? ಸರಪಳಿಯ ಉದ್ದ ಲೆಕ್ಕ ಹಾಕುವ ಕರಾದರ್ಸ್ ಸಮೀಕರಣ ಹೇಳುವ ಪ್ರಕಾರ ಎರಡು ಮಾನೋಮರ್‌ಗಳ ಅನುಪಾತ ಶೇಕಡಾ 1 ತಪ್ಪಿದರೆ, ಪ್ರತಿಕ್ರಿಯೆ ನೂರಕ್ಕೆ ನೂರು ಮುಗಿದರೂ ಸರಪಳಿಯಲ್ಲಿ ಸರಾಸರಿ 199 ಘಟಕ ಮಾತ್ರ (ಒಂದೊಂದು ಮಾನೋಮರ್ ಒಂದು ಘಟಕ). ಶೇಕಡಾ 2 ತಪ್ಪಿದರೆ 99. ಶೇಕಡಾ 5 ತಪ್ಪಿದರೆ 39. ನಮ್ಮ ಪಾಲಿಮರ್‌ಗೆ 39 ಘಟಕ ಅಂದರೆ ಅಣುತೂಕ ಸುಮಾರು 12,000. ಅದರಿಂದ ಫಿಲ್ಮ್ ಮಾಡಿದರೆ ಗಾಜಿನಿಂದ ಬಿಡಿಸುವಾಗಲೇ ಚೂರು ಚೂರು. ಒಡಿಎಯಲ್ಲಿ ಶೇಕಡಾ 1 ಅಂದರೆ ಎಷ್ಟು ಗೊತ್ತಾ? 20 ಮಿಲಿಗ್ರಾಂ. ತೂಗುವ ಕಾಗದಕ್ಕೆ ಅಂಟಿ ಉಳಿಯುವ ಪುಡಿಯೇ ಅಷ್ಟಿರಬಹುದು. ಹಾಗಾಗಿ ಪುಡಿ ಸುರಿದಮೇಲೆ ಖಾಲಿ ಬಾಟಲನ್ನು ಮತ್ತೆ ತೂಗಿ. ಫ್ಲಾಸ್ಕ್ ಒಳಗೆ ನಿಜವಾಗಿ ಎಷ್ಟು ಹೋಯಿತು ಅನ್ನುವುದೇ ಲೆಕ್ಕ.

ಹಂತ 3: ಪಾಲಿಅಮಿಕ್ ಆಸಿಡ್ (ಇಮೈಡ್ ಉಂಗುರ ಮುಚ್ಚುವ ಮುಂಚಿನ ಸರಪಳಿ)

ಮೂರು ಕುತ್ತಿಗೆಯ ಫ್ಲಾಸ್ಕ್ ತೆಗೆದುಕೊಳ್ಳಿ. ಮೋಟಾರಿನಿಂದ ತಿರುಗುವ ಕಲಕು ಕಡ್ಡಿ ಇರಲಿ. ಮ್ಯಾಗ್ನೆಟ್ ಬೀಜ ಸಣ್ಣ ಪ್ರಮಾಣಕ್ಕೆ ಆಗುತ್ತದೆ, ಆದರೆ ದ್ರಾವಣ ಮಂದವಾದಮೇಲೆ ನಿಂತುಬಿಡುತ್ತದೆ. ಫ್ಲಾಸ್ಕ್ ಕಾಯಿಸಿ, ಒಣ ನೈಟ್ರೋಜನ್ ಹರಿಯುತ್ತಿರುವಾಗಲೇ ಆರಿಸಿ.

ಮೊದಲು ಡೈಅಮೀನ್ ಹಾಕಿ, ಸುಮಾರು 30 ಮಿಲಿಲೀಟರ್ ದ್ರಾವಕದಲ್ಲಿ ಪೂರ್ತಿ ಕರಗಿಸಿ. ಒಂದು ಕಣವೂ ಉಳಿದಿರಬಾರದು. ಐಸ್ ಬಾತ್‌ನಲ್ಲಿ ತಣಿಸಿ. ಆಮೇಲೆ ಡೈಅನ್‌ಹೈಡ್ರೈಡನ್ನು ಪುಡಿಯಾಗಿಯೇ ಸ್ವಲ್ಪ ಸ್ವಲ್ಪ ಸೇರಿಸಿ. ಅದನ್ನು ಪ್ರತ್ಯೇಕವಾಗಿ ಕರಗಿಸಿ ಹಾಕುವ ಆಸೆ ಬೇಡ, ಕರಗಿಸಿದ ಕೂಡಲೇ ದ್ರಾವಕದ ತೇವ ಅದರ ಮೇಲೆ ಬೀಳುತ್ತದೆ. ಪುಡಿಯಾಗಿ ಹಾಕಿದರೆ ಪ್ರತಿ ಕಣವೂ ಕರಗುತ್ತಿದ್ದಂತೆ ಸುತ್ತಲಿನ ಅಮೀನ್ ಅದನ್ನು ಹಿಡಿದುಬಿಡುತ್ತದೆ. ಉಳಿದ ಸುಮಾರು 9 ಮಿಲಿಲೀಟರ್ ದ್ರಾವಕದಿಂದ ಫನೆಲ್‌ಗೆ, ಕುತ್ತಿಗೆಗೆ ಅಂಟಿದ ಪುಡಿಯನ್ನು ತೊಳೆದು ಇಳಿಸಿ. ಈಗ ಘನ ಪದಾರ್ಥ ತೂಕದಲ್ಲಿ ಶೇಕಡಾ 15 ಆಯಿತು.

ತಣ್ಣಗೆ ಇಡುವುದಕ್ಕೆ ಕಾರಣ ಇದೆ. ಈ ಪ್ರತಿಕ್ರಿಯೆ ಬಿಸಿ ಹೊರಬಿಡುತ್ತದೆ, ಹಿಂದಕ್ಕೂ ಹೋಗಬಲ್ಲದು. ಬಿಸಿಯಾದರೆ ಹಿಂದಕ್ಕೆ ಹೋಗುವ ಪಾಲು ಜಾಸ್ತಿ. ಪುಡಿ ಎಲ್ಲ ಕರಗಿದಮೇಲೆ ಐಸ್ ತೆಗೆದು ಕೋಣೆಯ ತಾಪಮಾನದಲ್ಲಿ 24 ಗಂಟೆ ಕಲಕಿ.

ಇಲ್ಲಿ ಕಣ್ಣಿಗೆ ಬೀಳುವ ಬದಲಾವಣೆಯನ್ನು ಗಮನಿಸಿ. ಮೊದಲು ದ್ರಾವಣ ನೀರಿನ ಹಾಗೆ ಚಿಮ್ಮುತ್ತಿರುತ್ತದೆ. ಕೆಲವು ಗಂಟೆಗಳಲ್ಲಿ ಕಲಕು ಕಡ್ಡಿಯ ಸುತ್ತ ಸುಳಿ ಸಣ್ಣದಾಗುತ್ತದೆ. ಆಮೇಲೆ ಸುಳಿಯೇ ಮಾಯವಾಗಿ ದ್ರಾವಣ ಕಡ್ಡಿಯನ್ನು ಹಿಡಿದು ಮೇಲಕ್ಕೆ ಏರಲು ನೋಡುತ್ತದೆ. ಗಾಜಿನ ಕಡ್ಡಿ ಅದ್ದಿ ಎತ್ತಿದರೆ ಉದ್ದ ಎಳೆ ಬರುತ್ತದೆ. ಹೀಗಾದರೆ ನಿಶ್ಚಿಂತೆ. ಮಾರನೇ ದಿನವೂ ನೀರಾಗೇ ಇದ್ದರೆ ತೇವವೋ ತೂಕವೋ ಕೈಕೊಟ್ಟಿದೆ. ಆ ಬ್ಯಾಚನ್ನು ಮುಂದಕ್ಕೆ ಎಳೆಯಬೇಡಿ. ಇನ್ನಷ್ಟು ಹೊತ್ತು ಕಲಕಿದರೆ ಸರಿಹೋಗುವುದಿಲ್ಲ.

ಪಾಲಿಅಮಿಕ್ ಆಸಿಡನ್ನು ಎತ್ತಿಡಬೇಕಾದರೆ ಬಿಗಿಯಾಗಿ ಮುಚ್ಚಿ ಫ್ರೀಜರ್‌ನಲ್ಲಿಡಿ. ಹೊರಗಿಟ್ಟರೆ ದಿನೇ ದಿನೇ ತೆಳುವಾಗುತ್ತದೆ. ಹಿಂದಕ್ಕೆ ಬಿಚ್ಚಿಕೊಂಡ ಅನ್‌ಹೈಡ್ರೈಡ್ ತುದಿಯನ್ನು ನೀರು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ತೆಗೆದಾಗ ಕೋಣೆಯ ತಾಪಮಾನಕ್ಕೆ ಬರುವ ತನಕ ಮುಚ್ಚಳ ತೆರೆಯಬೇಡಿ, ಒಳಗೆ ಇಬ್ಬನಿ ಕೂರುತ್ತದೆ.

ಹಂತ 4: ಇಮೈಡ್ ಉಂಗುರ ಮುಚ್ಚುವುದು

ಪಾಲಿಅಮಿಕ್ ಆಸಿಡ್ ಬರೀ ಅರ್ಧ ದಾರಿ. ಪ್ರತಿ ಡೈಅನ್‌ಹೈಡ್ರೈಡ್–ಡೈಅಮೀನ್ ಜೋಡಿಯಿಂದ ಎರಡು ನೀರಿನ ಅಣು ಹೊರಹೋದಾಗ ಇಮೈಡ್ ಉಂಗುರ ಮುಚ್ಚಿಕೊಳ್ಳುತ್ತದೆ, ಬಿಸಿ ತಡೆಯುವ ಗುಣ ಬರುವುದು ಆಗಲೇ. ಕ್ಯಾಪ್ಟಾನ್ ಥರದ ಕರಗದ ಪಾಲಿಮರ್‌ಗೆ ಫಿಲ್ಮ್ ಎಳೆದಮೇಲೆಯೇ ಉಂಗುರ ಮುಚ್ಚಬೇಕು. ಆಗ ಹೊರಬರುವ ನೀರು ಫಿಲ್ಮ್‌ನಲ್ಲಿ ಗುಳ್ಳೆ, ತೂತು ಮಾಡುವ ಭಯ ಇರುತ್ತದೆ. ನಮ್ಮದು ಕರಗುವ ಜಾತಿ. ಹಾಗಾಗಿ ದ್ರಾವಣದಲ್ಲೇ ಮುಚ್ಚಿಸಿ, ತೊಳೆದು, ಪರೀಕ್ಷೆ ಮಾಡಿ, ಆಮೇಲೆ ಫಿಲ್ಮ್ ಮಾಡಬಹುದು. ಕರಗುವ ಗುಣದ ದೊಡ್ಡ ಲಾಭವೇ ಇದು.

ಫ್ಲಾಸ್ಕ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ 3.8 ಮಿಲಿಲೀಟರ್, ಪಿರಿಡಿನ್ 3.2 ಮಿಲಿಲೀಟರ್ ಹಾಕಿ. ಎರಡೂ ಸುಮಾರು 40 ಮಿಲಿಮೋಲ್, ಅಂದರೆ ಮುಚ್ಚಬೇಕಾದ ಉಂಗುರಗಳ ಎರಡು ಪಟ್ಟು. ನಿಧಾನವಾಗಿ, ಹನಿ ಹನಿಯಾಗಿ ಹಾಕಿ. ಕೋಣೆಯ ತಾಪಮಾನದಲ್ಲಿ ರಾತ್ರಿಯಿಡೀ ಕಲಕಿ, ನಂತರ 60 ಡಿಗ್ರಿಯಲ್ಲಿ ಮೂರು ಗಂಟೆ ಇಡಿ. ಈ ಕೊನೆಯ ಕಾಯಿಸುವಿಕೆ ಬಿಡಬೇಡಿ. ಅವಸರದಲ್ಲಿ ನಿಲ್ಲಿಸಿದರೆ ಐಸೋಇಮೈಡ್ ಎಂಬ ತಪ್ಪು ಉಂಗುರ ಸ್ವಲ್ಪ ಉಳಿಯಬಹುದು, ಅದು ಬಣ್ಣವನ್ನೂ ಕೆಡಿಸುತ್ತದೆ.

ದ್ರಾವಣ ಪೂರ್ತಿ ಹೊತ್ತೂ ತಿಳಿಯಾಗೇ ಇರಬೇಕು. ಇದೇ ವಿಧಾನವನ್ನು ಪಿಎಂಡಿಎ ಮತ್ತು ಒಡಿಎ ಜೋಡಿಗೆ ಮಾಡಿದರೆ ಅದು ಜೆಲ್ ಆಗಿ ಗಟ್ಟಿ ಕೂರುತ್ತದೆ.

ಅಸಿಟಿಕ್ ಅನ್‌ಹೈಡ್ರೈಡ್ ಸಿಗದಿದ್ದರೆ ಬೇರೆ ದಾರಿ ಇದೆ. ಮೆಟಾ ಕ್ರೆಸಾಲ್‌ನಲ್ಲಿ ಸ್ವಲ್ಪ ಐಸೋಕ್ವಿನೋಲಿನ್ ಹಾಕಿ 180ರಿಂದ 200 ಡಿಗ್ರಿಯಲ್ಲಿ ಒಂದೇ ಹಂತದಲ್ಲಿ ಮಾಡಬಹುದು. ಕ್ರೆಸಾಲ್ ಚರ್ಮ ಸುಡುತ್ತದೆ, ವಾಸನೆಯೂ ವಿಪರೀತ. ಮೊದಲ ಸಲ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಹಂತ 5: ಎಳೆಯಾಗಿ ಬೀಳಿಸುವುದು

ದ್ರಾವಣದ ಹತ್ತು ಪಟ್ಟು ಮೆಥನಾಲ್ ತೆಗೆದುಕೊಂಡು ಜೋರಾಗಿ ಕಲಕುತ್ತಾ, ಸಣ್ಣ ಧಾರೆಯಾಗಿ ಪಾಲಿಮರ್ ದ್ರಾವಣ ಸುರಿಯಿರಿ. ಬಿಳಿ ಎಳೆಗಳಾಗಿ ಬಿದ್ದರೆ ಅಣುತೂಕ ಚೆನ್ನಾಗಿದೆ. ಹಿಟ್ಟಿನಂಥ ನುಣ್ಣನೆ ಪುಡಿ ಬಂದರೆ ಸಾಮಾನ್ಯವಾಗಿ ಕಡಿಮೆ. ಸೋಸಿ, ಬಿಸಿ ಮೆಥನಾಲ್‌ನಲ್ಲಿ ಹಲವು ಸಲ ತೊಳೆಯಿರಿ. ಎಳೆಯ ಒಳಗೆ ಸಿಕ್ಕಿಕೊಂಡ ಡೈಮೀಥೈಲ್ ಅಸಿಟಮೈಡ್ ಸುಲಭಕ್ಕೆ ಬಿಡುವುದಿಲ್ಲ, ಸಾಕ್ಸ್‌ಲೆಟ್ (ದ್ರಾವಕವನ್ನು ಮತ್ತೆ ಮತ್ತೆ ಹರಿಸಿ ತೊಳೆಯುವ ಗಾಜಿನ ಉಪಕರಣ) ಇದ್ದರೆ ಅದರಲ್ಲೇ ತೊಳೆಯುವುದು ಮೇಲು. ವ್ಯಾಕ್ಯೂಮ್‌ನಲ್ಲಿ ಮೊದಲು 60, ಆಮೇಲೆ 150 ಡಿಗ್ರಿಗೆ ಏರಿಸಿ ಒಣಗಿಸಿ. ಪೂರ್ತಿ ಸಿಕ್ಕರೆ 6.08 ಗ್ರಾಂ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಒಳಗೆ ದ್ರಾವಕ ಇದೆ, ಮತ್ತೆ ಒಣಗಿಸಿ.

ಹಂತ 6: ಫಿಲ್ಮ್

ಡೈಮೀಥೈಲ್ ಅಸಿಟಮೈಡ್‌ನಲ್ಲಿ ಶೇಕಡಾ 10ರಿಂದ 15 ದ್ರಾವಣ ಮಾಡಿ, ಸೋಸಿ, ಗುಳ್ಳೆ ಹೋಗುವ ತನಕ ಸುಮ್ನೆ ಬಿಡಿ. ಮಟ್ಟವಾದ ಜಾಗದಲ್ಲಿ ಶುಭ್ರ ಗಾಜಿನ ಮೇಲೆ ಸುರಿದು ಡಾಕ್ಟರ್ ಬ್ಲೇಡ್‌ನಿಂದ (ದಪ್ಪ ಒಂದೇ ಸಮ ಬರುವಂತೆ ಎಳೆಯುವ ಅಲಗು) ಎಳೆಯಿರಿ. ತಕ್ಷಣ 60ರಿಂದ 80 ಡಿಗ್ರಿಯ ಓವನ್‌ಗೆ ಸೇರಿಸಿ. ತಕ್ಷಣ ಅಂದದ್ದು ಸುಮ್ಮನೆ ಅಲ್ಲ. ಒದ್ದೆ ಫಿಲ್ಮ್ ಹೊರಗೆ ಕೂತರೆ ದ್ರಾವಕ ಗಾಳಿಯ ನೀರನ್ನು ಹೀರುತ್ತದೆ. ಪಾಲಿಮರ್‌ಗೆ ನೀರು ಆಗಿಬರುವುದಿಲ್ಲ. ಅಂಚಿನಿಂದ ಶುರುವಾಗಿ ಹಾಲಿನ ಬಣ್ಣದ ಪೊರೆ ಒಳಕ್ಕೆ ಹಬ್ಬುವುದನ್ನು ಕಣ್ಣಾರೆ ನೋಡಬಹುದು. ಹಾಗೆ ಬೆಳ್ಳಗಾದ ಫಿಲ್ಮ್‌ನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಎಳೆದು ನೋಡುವ ಪರೀಕ್ಷೆಗೆ ಅದು ಆಗದು, ಮತ್ತೆ ಕರಗಿಸಿ ಇನ್ನೊಮ್ಮೆ ಎಳೆಯಿರಿ.

ರಾತ್ರಿ ಕಳೆದಮೇಲೆ ವ್ಯಾಕ್ಯೂಮ್‌ನಲ್ಲಿ 100, 150, 200 ಡಿಗ್ರಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಡೈಮೀಥೈಲ್ ಅಸಿಟಮೈಡ್ ಕುದಿಯುವುದು ಸುಮಾರು 165 ಡಿಗ್ರಿಯಲ್ಲಿ, ಒಮ್ಮೆಲೇ ಏರಿಸಿದರೆ ಗುಳ್ಳೆ ಏಳುತ್ತದೆ. ಆರಿದಮೇಲೆ ಗಾಜನ್ನು ಬೆಚ್ಚನೆ ನೀರಿನಲ್ಲಿ ಇಡಿ. ಫಿಲ್ಮ್ ತಾನಾಗೇ ಮೇಲೇಳುತ್ತದೆ. ಮಡಚಿ ಒತ್ತಿದಾಗ ಮುರಿಯದಿದ್ದರೆ ಅರ್ಧ ಪರೀಕ್ಷೆ ಪಾಸಾದಂತೆ.

ಹಂತ 7: ಪರೀಕ್ಷೆ

ಮೊದಲು ಐಆರ್, ಅಂದರೆ ಇನ್‌ಫ್ರಾರೆಡ್ ಸ್ಪೆಕ್ಟ್ರಂ (ಇಲ್ಲಿನ ಸಂಖ್ಯೆಗಳು cm⁻¹ನಲ್ಲಿ). ಇಮೈಡ್ ಆಗಿದ್ದರೆ 1780 ಮತ್ತು 1720ರ ಹತ್ತಿರ ಎರಡು ಕಾರ್ಬೊನಿಲ್ ಗೆರೆ, 1370ರ ಹತ್ತಿರ ಕಾರ್ಬನ್–ನೈಟ್ರೋಜನ್ ಗೆರೆ, 720ರ ಹತ್ತಿರ ಉಂಗುರದ ಗೆರೆ ಕಾಣಬೇಕು. 1780ರದು ಚಿಕ್ಕದಾದರೂ ಚೂಪಾಗಿರುತ್ತದೆ, 1720ರದು ದೊಡ್ಡದು. 1650ರ ಹತ್ತಿರ ಅಮೈಡ್ ಗೆರೆ ಉಳಿದಿದ್ದರೆ ಒಂದೋ ಉಂಗುರ ಪೂರ್ತಿ ಮುಚ್ಚಿಲ್ಲ, ಇಲ್ಲವೇ ದ್ರಾವಕ ಉಳಿದಿದೆ. ಡೈಮೀಥೈಲ್ ಅಸಿಟಮೈಡ್‌ನ ಗೆರೆಯೂ ಅಲ್ಲೇ ಬರುವುದರಿಂದ ಬರೀ ಐಆರ್ ನೋಡಿ ತೀರ್ಪು ಕೊಡಬೇಡಿ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 10.5 ಪಿಪಿಎಂ ಸುತ್ತ ಅಮೈಡ್ ಹೈಡ್ರೋಜನ್ ಇಲ್ಲ ಅಂದರೆ ಕೆಲಸ ಮುಗಿದಿದೆ.

ಅಣುತೂಕದ ಅಂದಾಜಿಗೆ ಉಬೆಲೋಡ್ ವಿಸ್ಕೋಮೀಟರ್ ಸಾಕು. 100 ಮಿಲಿಲೀಟರ್‌ಗೆ 0.5 ಗ್ರಾಂ ಲೆಕ್ಕದಲ್ಲಿ ದ್ರಾವಣ ಮಾಡಿ, 30 ಡಿಗ್ರಿಯಲ್ಲಿ ಹರಿಯುವ ಸಮಯ ಅಳೆಯಿರಿ. ದ್ರಾವಕಕ್ಕೆ 100 ಸೆಕೆಂಡ್, ದ್ರಾವಣಕ್ಕೆ 150 ಸೆಕೆಂಡ್ ಆದರೆ, 1.5ರ ಸ್ವಾಭಾವಿಕ ಲಾಗರಿದಮ್ 0.405. ಅದನ್ನು 0.5ರಿಂದ ಭಾಗಿಸಿದರೆ 0.81 ಡೆಸಿಲೀಟರ್ ಪ್ರತಿ ಗ್ರಾಂ. ಇದನ್ನು ಇನ್ಹೆರೆಂಟ್ ವಿಸ್ಕಾಸಿಟಿ ಅನ್ನುತ್ತಾರೆ. ಗಟ್ಟಿ ಫಿಲ್ಮ್‌ಗೆ ಇಷ್ಟು ಧಾರಾಳವಾಯಿತು.

ಕರಗುವ ಪರೀಕ್ಷೆಗೆ 10 ಮಿಲಿಗ್ರಾಂಗೆ 1 ಮಿಲಿಲೀಟರ್ ದ್ರಾವಕ ಹಾಕಿ ಒಂದು ದಿನ ಬಿಡಿ. ನಮ್ಮ ಪಾಲಿಮರ್ ಎನ್‌ಎಂಪಿ, ಡೈಮೀಥೈಲ್ ಅಸಿಟಮೈಡ್ ಮಾತ್ರವಲ್ಲ, ಡೈಕ್ಲೋರೋಮೀಥೇನ್‌ನಲ್ಲೂ ಕರಗುತ್ತದೆ. ಇದೇ ಅದರ ದೌರ್ಬಲ್ಯವೂ ಹೌದು. ದ್ರಾವಕಗಳ ಒಡನಾಟ ಇರುವ ಜಾಗಕ್ಕೆ ಇದು ಸರಿಯಲ್ಲ, ಅಲ್ಲಿ ಕ್ಯಾಪ್ಟಾನೇ ಬೇಕು.

ಬಿಸಿಯ ಪರೀಕ್ಷೆಯಲ್ಲಿ ಎರಡು ಸಂಖ್ಯೆಗಳನ್ನು ಬೆರೆಸಬೇಡಿ. ಟಿಜಿಎ (ಕಾಯಿಸುತ್ತಾ ತೂಕ ಅಳೆಯುವ ಪರೀಕ್ಷೆ) ಹೇಳುವುದು ಪಾಲಿಮರ್ ಯಾವಾಗ ಒಡೆಯುತ್ತದೆ ಅಂತ. ನೈಟ್ರೋಜನ್‌ನಲ್ಲಿ ಇದು 500 ಡಿಗ್ರಿ ದಾಟಿದಮೇಲೆ ತೂಕ ಕಳೆದುಕೊಳ್ಳಲು ಶುರು ಮಾಡುತ್ತದೆ. ಡಿಎಸ್‌ಸಿ (ಕಾಯಿಸುವಾಗ ಹೀರುವ ಬಿಸಿಯನ್ನು ಅಳೆಯುವ ಪರೀಕ್ಷೆ) ಹೇಳುವುದು ಯಾವಾಗ ಮೆತ್ತಗಾಗುತ್ತದೆ ಅಂತ, ಅದು ಸುಮಾರು 300. ವಸ್ತುವಿನ ಮೇಲೆ ಭಾರ ಬೀಳುವುದಾದರೆ ಲೆಕ್ಕಕ್ಕೆ ಬರುವುದು ಎರಡನೆಯದೇ. 500 ಡಿಗ್ರಿ ತಡೆಯುವ ಪ್ಲಾಸ್ಟಿಕ್ ಅಂತ ಥೀಸಿಸ್‌ನಲ್ಲಿ ಬರೆದುಬಿಟ್ಟರೆ ಅದು ತಪ್ಪು ಮಾತು. ಟಿಜಿಎಯಲ್ಲಿ 250 ಡಿಗ್ರಿಯೊಳಗೆ ತೂಕ ಇಳಿದರೆ ಅದು ತೇವ, ದ್ರಾವಕ ಅಥವಾ ಮುಚ್ಚದ ಉಂಗುರದಿಂದ ಹೋದ ನೀರು. ಉಳಿದ ದ್ರಾವಕ ಟಿಜಿಯನ್ನೂ ಕೆಳಗೆ ತೋರಿಸುತ್ತದೆ. ಹಾಗಾಗಿ ಡಿಎಸ್‌ಸಿಯಲ್ಲಿ ಎರಡನೇ ಸಲ ಕಾಯಿಸಿದಾಗ ಬಂದ ಸಂಖ್ಯೆಯನ್ನೇ ಬರೆಯಿರಿ.

ಮುಂದಿನ ಪ್ರಯೋಗ

ಇದು ಕೈಗೆ ಹತ್ತಿದಮೇಲೆ ಒಡಿಎ ಬದಲು ಡ್ಯೂರೀನ್ ಡೈಅಮೀನ್ ಹಾಕಿ ನೋಡಿ. ಅದರಲ್ಲಿ ಒಂದೇ ಉಂಗುರ, ಉಳಿದ ನಾಲ್ಕೂ ಜಾಗದಲ್ಲಿ ಮೀಥೈಲ್ ಗುಂಪು, ಬಾಗುವ ಕೊಂಡಿ ಒಂದೂ ಇಲ್ಲ. ಸರಪಳಿ ಇನ್ನೂ ಬಿಗಿಯಾಯಿತು, ಇನ್ನು ಕರಗುವುದಿಲ್ಲ ಅನಿಸುತ್ತದೆ ಅಲ್ವಾ? ಆದರೆ ಮೀಥೈಲ್ ಗುಂಪುಗಳು ಉಂಗುರವನ್ನು ಇಮೈಡ್‌ಗೆ ಅಡ್ಡಲಾಗಿ ತಿರುಗಿಸಿ ಹಿಡಿಯುತ್ತವೆ, ಸರಪಳಿಗಳು ಒತ್ತಾಗಿ ಕೂರಲಾರವು. ಟಿಜಿ 400 ಡಿಗ್ರಿ ದಾಟುತ್ತದೆ, ಪಾಲಿಮರ್ ಕ್ಲೋರೋಫಾರ್ಮ್‌ನಲ್ಲೂ ಕರಗುತ್ತದೆ. ಉಳಿದ ಖಾಲಿ ಜಾಗದಲ್ಲಿ ಅನಿಲಗಳು ಸಲೀಸಾಗಿ ಹಾದುಹೋಗುತ್ತವೆ. ಅದಕ್ಕೇ ಅನಿಲ ಬೇರ್ಪಡಿಸುವ ಮೆಂಬ್ರೇನ್ ಸಂಶೋಧನೆಯಲ್ಲಿ ಈ ಪಾಲಿಮರ್‌ಗೆ ಅಷ್ಟು ಬೇಡಿಕೆ. ಡ್ಯೂರೀನ್ ಡೈಅಮೀನ್ ಗಾಳಿಗೆ ಬೇಗ ಬಣ್ಣ ತಿರುಗುತ್ತದೆ, ಉತ್ಪತನ ಮಾಡಿದ ದಿನವೇ ಬಳಸಿ.